ಇಲ್ಲಿ ಎಲ್ಲವೂ ಕ್ಷೇಮ, ಅದಾಗಿ

ನನ್ನ ಹೆಂಡತಿಯ ತವರಿನವರು ಯಾರೂ ಯಾವುದನ್ನೂ ನೇರವಾಗಿ ಹೇಳುವುದಿಲ್ಲ. ಇದು ನನ್ನ ಇಪ್ಪತ್ತೆರಡು ವರ್ಷದ ದೂರು. ಗ್ಯಾಸ್ ಮುಗಿಯುತ್ತಾ ಬಂದರೆ ಅಲಮೇಲು "ಗ್ಯಾಸ್ ಮುಗೀತಿದೆ" ಎನ್ನುವುದಿಲ್ಲ. "ಎದುರು ಮನೆಯವರು ಎರಡು ಸಿಲಿಂಡರ್ ಇಟ್ಕೊಂಡಿದಾರಂತೆ ಕಣ್ರೀ, ಜಾಣರು" ಎನ್ನುತ್ತಾಳೆ. ನಾನು "ಹೌದಾ, ಒಳ್ಳೇದು" ಎಂದು ಪೇಪರಿನ ಹಾಳೆ ತಿರುವುತ್ತೇನೆ. ಅವತ್ತು ಮಧ್ಯಾಹ್ನ ನನಗೆ ಅವಲಕ್ಕಿ ಮೊಸರು. ಶರ್ಟು ಹಳೆಯದಾದರೆ "ಮದುವೆಯಾದ ಹೊಸದರಲ್ಲಿ ಈ ಶರ್ಟಲ್ಲಿ ನೀವು ಎಷ್ಟು ಚೆನ್ನಾಗಿ ಕಾಣ್ತಿದ್ರಿ" ಎನ್ನುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದು ತಿಳಿದು ಅದೇ ಶರ್ಟನ್ನು ಇನ್ನೂ ಮೂರು ವರ್ಷ ಹಾಕುತ್ತೇನೆ.

ಇಂಥ ಮನೆಗೆ ಅಳಿಯನಾದ ನನ್ನ ಕಸುಬನ್ನು ಕೇಳಿ. ತಪ್ಪನ್ನು ತಪ್ಪು ಎಂದು ನೇರವಾಗಿ ಹೇಳಿಸುವುದೇ ನನ್ನ ಕಸುಬು. ಅಡಿಗೆಮನೆಯ ದೊಡ್ಡ ಯಂತ್ರಗಳನ್ನು ಮಾಡುವ ಒಂದು ಪುಟ್ಟ ಕಂಪನಿಯಲ್ಲಿ ನಾನು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತೇನೆ. ಯಂತ್ರ ಸರಿಯಾಗಿ ನಡೆಯುವಂತೆ ಬರೆಯುವವರು ಬೇರೆ ಇದ್ದಾರೆ. ಅದು ಕೆಟ್ಟಾಗ ಏನು ಹೇಳಬೇಕು ಎಂದು ಬರೆಯುವವನು ನಾನು.

ಇದು ಎಂಥ ಸೋಜಿಗದ ವಿದ್ಯೆ ಎಂದು ನಿಮಗೆ ಗೊತ್ತಿಲ್ಲ. ಸಿ ಭಾಷೆಯ ಪ್ರೋಗ್ರಾಮಿಗೆ ಎರಡು ಬಾಯಿ. ಒಂದು ಕೆಲಸದ ಮಾತಿಗೆ, ಇನ್ನೊಂದು ಬರೀ ಗೋಳಿಗೆ ಮೀಸಲು. ಮೊದಲನೆಯ ಬಾಯನ್ನು ನೀವು ಯಾವುದೋ ಫೈಲಿನ ಕಡೆ ತಿರುಗಿಸಿಟ್ಟರೂ ಎರಡನೆಯದು ನಿಮ್ಮ ಮುಖಕ್ಕೇ ಬಂದು ಹೇಳುತ್ತದೆ. ಗೋಳಿನಲ್ಲೂ ಎರಡು ಬಗೆ. ಎಚ್ಚರಿಕೆ ಎಂದರೆ ಗೊಣಗುತ್ತಲೇ ಕೆಲಸ ಮುಂದುವರಿಸುವುದು. ದೋಷ ಎಂದರೆ ಒಂದು ಮಾತು ಹೇಳಿ ಸೌಟು ಕೆಳಗಿಟ್ಟು ಹೊರಟುಬಿಡುವುದು. ಒಳ್ಳೆಯ ಗೋಳಿಗೆ ಮೂರು ಅಂಗ: ಹೇಳುತ್ತಿರುವವರು ಯಾರು, ಕೆಟ್ಟಿರುವುದು ಯಾವುದು, ಕೆಟ್ಟಿದ್ದು ಏಕೆ. ನಡುವೆ ಶೇಕಡಾ ಗುರುತು ಹಾಕಿ ಖಾಲಿ ಜಾಗ ಬಿಟ್ಟಿರುತ್ತೇವೆ. ಆಹ್ವಾನ ಪತ್ರಿಕೆಯಲ್ಲಿ 'ಶ್ರೀ' ಎಂಬುದರ ಮುಂದೆ ಹೆಸರು ಬರೆದ ಹಾಗೆ, ಹೊತ್ತಿಗೆ ಸರಿಯಾಗಿ ಅಲ್ಲಿ ಒಂದು ಹೆಸರೋ ಅಂಕಿಯೋ ಬಂದು ಕೂರುತ್ತದೆ.

ನನಗೆ ಇದರ ಹುಚ್ಚು ಎಷ್ಟೆಂದರೆ, ಊರಿನ ಗೋಡೆಗಳ ಮೇಲಿನ ಎಚ್ಚರಿಕೆಗಳನ್ನೆಲ್ಲ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಕುವೆಂಪುನಗರದ ನಮ್ಮ ಹಿಂದಿನ ಬೀದಿಯ ಗೇಟಿನ ಮೇಲೆ 'ಇಲ್ಲಿ ಸ್ಕೂಟರ್ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು. ಇಂತಿ, ಮನೆ ಯಜಮಾನ' ಎಂದು ಬರೆದಿದೆ. ಆಹಾ! ಯಾರು, ಯಾವುದು, ಏನಾಗುತ್ತದೆ, ಎಲ್ಲ ಎರಡೇ ಸಾಲಿನಲ್ಲಿ! ಆ ಸೊಬಗನ್ನು ಐದಾರು ಕೋನಗಳಿಂದ ಸೆರೆಹಿಡಿದು ಹಿಂದಿರುಗಿ ನೋಡಿದರೆ ನನ್ನ ಸ್ಕೂಟರಿನ ಎರಡೂ ಚಕ್ರ ನೆಲಕ್ಕೆ ಅಂಟಿದ್ದವು. (ಫೋಟೋ ತೆಗೆಯಲು ಅದನ್ನು ಅಲ್ಲಿಯೇ ನಿಲ್ಲಿಸಿದ್ದೆ.)

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪನಿ ಒಂದು ಇಡ್ಲಿ ಬೇಯಿಸುವ ಯಂತ್ರ ಮಾಡಿತು. ಒಂದೇ ಸಲಕ್ಕೆ ನೂರಿಪ್ಪತ್ತು ಇಡ್ಲಿ. ಅದರ ಎದೆಯ ಮೇಲೆ ಅಂಗೈಯಗಲದ ಒಂದು ಪರದೆ. ಪರೀಕ್ಷೆಗೆಂದು ಅದನ್ನು ಸಿದ್ಧಾರ್ಥನಗರದ ಒಂದು ಛತ್ರದಲ್ಲಿ ಇಟ್ಟಿದ್ದೆವು. ಅಲ್ಲಿನ ಅಡಿಗೆ ಮುಖ್ಯಸ್ಥ ಕುಮಾರಸ್ವಾಮಿ ಮೂರನೆಯ ದಿನವೇ ಫೋನ್ ಮಾಡಿದ.

"ಸಾ, ನಿಮ್ ಮಿಸೀನು ಇಂಗ್ಲೀಸಲ್ಲಿ ಏನೋ ಬಯ್ತಾ ಅದೆ. ಮ್ಯಾಲೆ ಪೀಂ ಪೀಂ ಅಂತ ಕಿರುಚ್ತದೆ. ನಾನ್ ಮಾಡಿದ್ ತಪ್ಪೇನು ಅಂತ ಕನ್ನಡದಲ್ಲಿ ಏಳೋಕ್ ಏಳ್ಬುಡಿ, ತಿದ್ಕೋತೀನಿ."

ನ್ಯಾಯವಾದ ಮಾತು. ಗೋಳನ್ನು ಕನ್ನಡದಲ್ಲೇ ಹೇಳಿಸುವ ದಿವ್ಯ ಯೋಚನೆ ನನಗೆ ಬಂದದ್ದು ಆಗಲೇ.

ಅದೇ ವಾರ ಇನ್ನೊಂದು ಸುದ್ದಿ. ಅಲಮೇಲುವಿನ ಅಕ್ಕ ಗಿರಿಜಾಂಬಾ ತಮ್ಮ ಮಗಳು ಮಾಲವಿಕಾಳ ನಿಶ್ಚಿತಾರ್ಥಕ್ಕೆ ಅದೇ ಛತ್ರ ಹಿಡಿದರು. ಗಿರಿಜಾಂಬಾ ನನ್ನ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ "ಪಾಪ, ವಾಗೀಶ ಅದೇನೋ ಟೈಪಿಂಗ್ ಮಾಡ್ತಾರೆ" ಎಂದೇ ನಾಲ್ಕು ಜನಕ್ಕೆ ಪರಿಚಯಿಸುವವರು. ಅಲಮೇಲು ಆವೇಶದಲ್ಲಿ, ಬೆಳಗಿನ ಇಡ್ಲಿ ಪೂರ್ತಿ ನಮ್ಮವರ ಮಿಷಿನ್ನಲ್ಲೇ ಎಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟಳು. ಆಮೇಲೆ ನನ್ನ ಮುಂದೆ ಬಂದು ಕೂತು, ಮದುವೆಯಾದಾಗಿನಿಂದ ಆಡದ ಒಂದು ನೇರ ಮಾತು ಆಡಿದಳು.

"ಈ ಒಂದು ಸಲ ಅಕ್ಕನ ಮುಂದೆ ನಾನು ತಲೆ ಎತ್ಕೊಂಡು ಓಡಾಡೋ ಹಾಗೆ ಮಾಡ್ರೀ."

ನನ್ನ ಕಣ್ಣು ಒದ್ದೆಯಾಯಿತು. "ಎತ್ತಿಸ್ತೀನಿ ಕಣೇ" ಎಂದೆ.

"ಹಾಗಾದ್ರೆ ಆ ಕನ್ನಡ ಗಿನ್ನಡ ಎಲ್ಲ ಅಪ್ಪಂಗೆ ಒಂದ್ಸಲ ತೋರ್ಸಿ. ಪಾಪ, ಸುಮ್ನೆ ಕೂತಿರ್ತಾರೆ."

ಅಪ್ಪ ಎಂದರೆ ನನ್ನ ಮಾವ, ವೆಂಕಟಸುಬ್ಬಯ್ಯನವರು. ಅವರ ತಂದೆ ಅರಮನೆಯಲ್ಲಿ ಕಾಗದ ಪತ್ರ ಬರೆಯುತ್ತಿದ್ದವರು. ಇವರು ಸರ್ಕಾರಿ ದಫ್ತರಿನಲ್ಲಿ ಮೂವತ್ತೈದು ವರ್ಷ ಕಾಗದ ಪತ್ರ ಕಾಯ್ದವರು. ಈಗ ನಮ್ಮ ಮನೆಯ ಹಾಲಿನಲ್ಲಿ ಕೂತು, ಬರುವ ಬ್ಯಾಂಕಿನ ಪತ್ರಗಳಲ್ಲಿ ತಪ್ಪು ಹುಡುಕುತ್ತಾರೆ. ನಾನು ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆ. ಪರದೆಯ ಮೇಲೆ 'ಬಾಷ್ಪಮಿತ್ರ: ದೋಷ: ನೀರು ೨ ಲೀಟರ್ ಕಡಿಮೆ, ಶಾಖ ನಿಲ್ಲಿಸಲಾಗಿದೆ' ಎಂದಿತ್ತು. ಬಾಷ್ಪಮಿತ್ರ ಎಂಬುದು ಯಂತ್ರದ ಹೆಸರು. (ನಾನೇ ಇಟ್ಟದ್ದು. ಕಂಪನಿಯಲ್ಲಿ ಎಲ್ಲರೂ ಅದನ್ನು ಡಬ್ಬ ಎನ್ನುತ್ತಾರೆ.)

ಮಾವ ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

"ಇದು ಯಾರು ಯಾರಿಗೆ ಹೇಳೋದಪ್ಪ?"

"ಮಿಷಿನ್ನು ಅಡಿಗೆಯವರಿಗೆ ಹೇಳೋದು ಮಾವ."

"ಬೆಳಗಿನ ಜಾವ ಎದ್ದು ನೂರಾರು ಜನಕ್ಕೆ ಅನ್ನ ಹಾಕೋ ಮನುಷ್ಯನಿಗೆ ಒಂದು ಡಬ್ಬ 'ದೋಷ' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋದೆ? ಒಕ್ಕಣೆ ಎಲ್ಲಿ? ಒಕ್ಕಣೆ ಇಲ್ಲದ ಕಾಗದ ಅಂದ್ರೆ ಪಂಚೆ ಉಡದೆ ಬೀದಿಗೆ ಬಂದ ಹಾಗೆ ಕಣಪ್ಪ. ಮತ್ತೆ ಆ ಪೀಂ ಪೀಂ ಅಂತೆ! ಹಿರಿಯರ ಎದುರು ಕಿರುಚೋದು ಯಾವ ಸೀಮೆ ಮರ್ಯಾದೆ?"

ನನಗೆ ನಗು ಬಂತು. ಆದರೆ ಅದರ ಹಿಂದೆಯೇ ಕುತೂಹಲವೂ ಬಂತು. ಅಲ್ಲ, ಜಗತ್ತಿನಲ್ಲಿ ಇಷ್ಟು ಯಂತ್ರಗಳಿವೆ, ಮರ್ಯಾದೆಯಾಗಿ ಕೆಡುವ ಯಂತ್ರ ಒಂದಾದರೂ ಇದೆಯೆ? ಇದ್ದರೆ ಹೇಗಿರುತ್ತದೆ? ನೋಡಿಯೇ ಬಿಡೋಣ ಎಂದು ಮಾವನಿಂದಲೇ ಬರೆಸಿದೆ. ಅವರು ಎರಡು ದಿನ ಸ್ನಾನ ಪೂಜೆ ಮುಗಿಸಿ, ಶಾಲು ಹೊದ್ದು, ಹಾಳೆಯ ಮೇಲೆ ಬರೆದುಕೊಟ್ಟರು:

'ಪಾಕಪ್ರವೀಣರೂ ಪೂಜ್ಯರೂ ಆದ ಕುಮಾರಸ್ವಾಮಿಯವರ ಸನ್ನಿಧಾನಕ್ಕೆ ಬಾಷ್ಪಮಿತ್ರನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲವೂ ಕ್ಷೇಮ. ಅದಾಗಿ, ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನೀರು ಎರಡು ಲೀಟರಿನಷ್ಟು ಕಡಿಮೆಯಾದ ಪ್ರಯುಕ್ತ ಶಾಖವನ್ನು ನಿಲ್ಲಿಸಿರುತ್ತೇನೆ. ಅನ್ಯಥಾ ಭಾವಿಸಬಾರದು.'

ನಾನು ಅಡಿಗೆಯವರ ಹೆಸರಿನ ಜಾಗದಲ್ಲಿ ಒಂದು ಶೇಕಡಾ ಗುರುತು, ಲೀಟರಿನ ಜಾಗದಲ್ಲಿ ಇನ್ನೊಂದು ಹಾಕಿದೆ. ಪೀಂ ಪೀಂ ತೆಗೆದುಹಾಕಿದೆ. ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದರೆ ಇಡೀ ಒಕ್ಕಣೆ ಮುತ್ತಿನ ಹಾರದಂತೆ ಪರದೆಯ ಈ ತುದಿಯಿಂದ ಆ ತುದಿಗೆ ಹರಡಿತು. ಮಾವ ನಾಲ್ಕು ಸಲ ಓದಿಸಿಕೊಂಡರು.

ಅಲಮೇಲು ಕಾಫಿ ತಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಮೇಲುಗಡೆ ನೇರಳೆ ಬಣ್ಣದಲ್ಲಿ ಅದೇನ್ರೀ ಬಂದಿದೆ?"

"ಅದಾ? ಕಂಪೈಲರ್ ಅಂತ ಒಂದಿದೆ. ನಾನು ಬರೆದಿದ್ದನ್ನ ಯಂತ್ರದ ಭಾಷೆಗೆ ತಿರುಗಿಸೋದು. ಅದು ಹಾಗೇ ಗೊಣಗ್ತಾ ಇರುತ್ತೆ. ಕೆಂಪು ಬಣ್ಣ ಬಂದ್ರೆ ದೋಷ, ನೇರಳೆ ಬರೀ ಎಚ್ಚರಿಕೆ. ಕೆಲಸ ನಿಲ್ಲಲ್ಲ. ಯಾರೂ ಓದಲ್ಲ ಅದನ್ನ."

"ಓಹೋ." ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. "ನಾನು ಹಾಸ್ಟೆಲಲ್ಲಿದ್ದಾಗ ಅಪ್ಪ ಇನ್‌ಲ್ಯಾಂಡ್ ಲೆಟರ್ ಬರೀತಿದ್ರು. ಒಕ್ಕಣೆಗೇ ಎರಡು ಪುಟ ಮುಗಿದುಹೋಗ್ತಿತ್ತು. ವಿಷಯನೆಲ್ಲ ಅಂಚಿನಲ್ಲಿ, ಅಂಟು ಹಚ್ಚೋ ಕಡೆ ಬರೀತಿದ್ರು. ಹರಿದು ತೆಗೆದ್ರೆ ವಿಷಯನೇ ಹರಿದುಹೋಗೋದು."

"ಎಷ್ಟು ಚೆಂದದ ನೆನಪು ಕಣೇ!" ಎಂದು ನಾನು ಕಾಫಿ ಕುಡಿದೆ. ಅವಳು ಆ ನೇರಳೆ ಸಾಲನ್ನು ಇನ್ನೊಮ್ಮೆ ನೋಡಿ ಒಳಗೆ ಹೋದಳು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಏಳಕ್ಕೆಲ್ಲ ನಾನು ರೇಷ್ಮೆ ಶಲ್ಯ ಹೊದ್ದು ಛತ್ರದ ಹಾಲಿನಲ್ಲಿ ಕೂತಿದ್ದೆ. ಇಡ್ಲಿ ಯಂತ್ರದಲ್ಲಿ ಮೊದಲನೆಯ ನೂರಿಪ್ಪತ್ತು ಏರಿದ್ದವು. ಬೀಗರು ಬರುವುದು ಎಂಟಕ್ಕೆ. ಪಕ್ಕ ಕೂತ ಯಾರೋ ಹಿರಿಯರಿಗೆ ನಾನು ಎರಡು ಬಾಯಿಗಳ ವಿಷಯ ವಿವರಿಸುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ, ನಿದ್ದೆ ಮಾಡುತ್ತಿದ್ದರು.

ಅಲಮೇಲು ಬಂದಳು. "ರೀ, ಅಡಿಗೆಮನೆ ಯಾಕೋ ತುಂಬಾ ಶಾಂತವಾಗಿದೆ."

"ಇರಲಿ ಬಿಡೇ, ಶುಭಕಾರ್ಯ."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಅರಿಶಿನ ಕುಂಕುಮದ ತಟ್ಟೆಗೆ ಕೂಗಿದರು, ಹೋದಳು.

ಎಂಟು ಗಂಟೆಗೆ ಬೀಗರು ಬಂದರು. ಎಲೆ ಹಾಕಿದ್ದಾಯಿತು, ನೀರು ಬಡಿಸಿದ್ದಾಯಿತು. ಎಂಟೂಕಾಲಿಗೆ ಗಿರಿಜಾಂಬಾ ಮುಖದ ತುಂಬ ನಗು ಹೊತ್ತು ನನ್ನ ಬಳಿ ಬಂದರು.

"ವಾಗೀಶ, ಬೀಗರಿಗೆ ಚಟ್ನಿ ತುಂಬಾ ಹಿಡಿಸ್ತಂತೆ. ಬರೀ ಚಟ್ನಿನೇ ಎರಡು ಸಲ ಹಾಕಿಸ್ಕೊಂಡ್ರು."

"ಸಂತೋಷ ಅತ್ತಿಗೆ" ಎಂದೆ.

"ನಿಮ್ಮ ಮಿಷಿನ್ನೂ ಅಷ್ಟೇ, ಪಾಪ, ಯಾವುದಕ್ಕೂ ಅವಸರಪಡಲ್ಲ."

"ಥ್ಯಾಂಕ್ಸ್ ಅತ್ತಿಗೆ!"

ಅವರ ಹಿಂದೆ ನಿಂತಿದ್ದ ಅಲಮೇಲುವಿನ ಮುಖ ನೋಡಿದೆ. ಅಕ್ಕ ಆಡಿದ್ದರ ಅರ್ಥ ಅವಳಿಗೆ ಆಗಿತ್ತು. ಅವಳ ಮುಖ ನೋಡಿದ ಮೇಲೆ ನನಗೂ ಆಯಿತು. ಶಲ್ಯವನ್ನು ಅಲ್ಲೇ ಬಿಟ್ಟು ಅಡಿಗೆಮನೆಗೆ ಓಡಿದೆ.

ಕುಮಾರಸ್ವಾಮಿ ಸ್ಟೂಲಿನ ಮೇಲೆ ಕೂತು, ಯಂತ್ರದ ಪರದೆಯ ಎದುರು ಕೈ ಕಟ್ಟಿಕೊಂಡು, ದೇವಸ್ಥಾನದಲ್ಲಿ ಕೂತವನ ಹಾಗಿದ್ದ.

"ಏನಪ್ಪಾ ಇದು? ಇಡ್ಲಿ ಎಲ್ಲಿ?"

"ಬೇಯ್ತಾವೆ ಸಾ. ನೋಡಿ, ಎಷ್ಟ್ ಚೆಂದಾಗ್ ಮಾತಾಡ್ಸ್ತದೆ! ನಮ್ ಮನೇಲೂ ನನ್ನ ಪೂಜ್ಯರು ಅಂತ ಯಾರೂ ಅಂದಿಲ್ಲ ಸಾ. ಎಲ್ಲಾ ಕ್ಷೇಮ ಅಂತ ಅದೇ ಏಳ್ತಾ ಅದಲ್ಲ. ಒಂದೂಕಾಲ್ ಗಂಟೆಯಿಂದ ನಾನೂ ನಮಸ್ಕಾರ ಏಳ್ತಾನೇ ಇವ್ನಿ."

ಪರದೆ ನೋಡಿದೆ. 'ಪಾಕಪ್ರವೀಣರೂ ಪೂಜ್ಯರೂ ಆದ ಕುಮಾರಸ್ವಾಮಿಯವರ ಸನ್ನಿಧಾನಕ್ಕೆ ಬಾಷ್ಪಮಿತ್ರನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲವೂ ಕ್ಷೇಮ. ಅದಾಗ'. ಅಲ್ಲಿಗೆ ಮುಗಿಯಿತು. ಕೊನೆಯಲ್ಲಿ ಒಂದು ಒಡೆದ ಪುಟ್ಟ ಚೌಕ.

ಆಗ ಹೊಳೆಯಿತು. ಯಂತ್ರದೊಳಗೆ ಸಂದೇಶ ಇಡಲು ನಾನು ಕೊಟ್ಟಿದ್ದ ಪೆಟ್ಟಿಗೆಯಲ್ಲಿ ಮುನ್ನೂರು ಗೂಡು. (ಲ್ಯಾಪ್‌ಟಾಪಿನಲ್ಲಿ ಮಾತು ಪೆಟ್ಟಿಗೆಗೆ ಹೋಗದೆ ನೇರ ಪರದೆಗೆ ಬಂದಿತ್ತು.) ಇಂಗ್ಲಿಷಿನ ಅಕ್ಷರಕ್ಕೆ ಒಂದು ಗೂಡು ಸಾಕು. ನಮ್ಮ ಕನ್ನಡದ ಅಕ್ಷರಕ್ಕೆ ಮೂರು ಬೇಕು, ಗುಡಿಸು ಕೊಟ್ಟರೆ ಇನ್ನೂ ಮೂರು, ಒತ್ತು ಕೊಟ್ಟರೆ ಮತ್ತೂ ಆರು. ಪೆಟ್ಟಿಗೆ ತುಂಬಿದ ಕೂಡಲೇ ಸಿ ಭಾಷೆ ಉಳಿದದ್ದನ್ನು ಕತ್ತರಿಸಿ ಬಿಸಾಡಿತ್ತು. ಮಾವನ ಒಕ್ಕಣೆ ಪೂರ್ತಿ ಒಳಗೆ, ನೀರಿನ ವಿಷಯ ಪೂರ್ತಿ ಹೊರಗೆ. ಯಂತ್ರ ಮಾತ್ರ ಕರ್ತವ್ಯ ಮರೆತಿರಲಿಲ್ಲ. ನೀರು ಕಡಿಮೆಯಾದ ಕ್ಷಣವೇ ಶಾಖ ನಿಲ್ಲಿಸಿ, ಎಲ್ಲವೂ ಕ್ಷೇಮ ಎಂದು ಹೇಳಿ, ಸೌಟು ಕೆಳಗಿಟ್ಟಿತ್ತು.

"ಮಾವ ಬರೆದದ್ದು ಜಾಸ್ತಿಯಾಯ್ತು" ಎಂದು ನಾನು ತೊದಲುವಷ್ಟರಲ್ಲಿ ಅಲಮೇಲು ಒಳಗೆ ಬಂದಳು, ಹಿಂದೆಯೇ ಗಿರಿಜಾಂಬಾ. ಅಲಮೇಲು ಯಂತ್ರದ ಹೊಟ್ಟೆಗೆ ಅಂಗೈ ಇಟ್ಟಳು. ತಣ್ಣಗಿತ್ತು. ಮುಚ್ಚಳ ತೆಗೆದಳು. ನೂರಿಪ್ಪತ್ತು ಗುಂಡಿಗಳಲ್ಲಿ ಹಿಟ್ಟು ಹಿಟ್ಟಾಗಿಯೇ ಕೂತು ನಮ್ಮನ್ನು ನೋಡುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬಂದ ಧ್ವನಿಯನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ.

"ಕುಮಾರಸ್ವಾಮಿ! ನೀರಿಲ್ಲ! ಹಿಟ್ಟು ಬೆಂದಿಲ್ಲ! ಎದ್ದೇಳಿ! ಅಟ್ಟದ ಮೇಲಿರೋ ಹಳೇ ಇಡ್ಲಿ ಪಾತ್ರೆ ಎರಡೂ ಇಳಿಸಿ, ಮೂರೂ ಒಲೆ ಹಚ್ಚಿ!"

"ಅಂಗಾರೆ ಕ್ಷೇಮ ಅಂತ..."

"ಕ್ಷೇಮ ಇಲ್ಲ! ಅಕ್ಕ, ನೀನು ಬೀಗರ ಹತ್ರ ಹೋಗು. ಮಿಷಿನ್ನು ಕೈಕೊಡ್ತು, ಇಡ್ಲಿಗೆ ಇಪ್ಪತ್ತೈದು ನಿಮಿಷ ಬೇಕು, ಅಲ್ಲೀವರೆಗೆ ಕಾಫಿ ಕುಡೀರಿ ಅಂತ ಹೇಳು. ಇದ್ದದ್ದು ಇದ್ದ ಹಾಗೆ ಹೇಳು. ಚಟ್ನಿ ಸುದ್ದಿ ಎತ್ತಬೇಡ!"

"ಹೇಗೇ ಹಾಗೆ ಹೇಳೋದು..." ಎಂದರು ಗಿರಿಜಾಂಬಾ.

"ಬಾಯಲ್ಲಿ ಹೇಳೋದು! ಹೋಗು!"

ಗಿರಿಜಾಂಬಾ ಹೋದರು. ನಾನು ಆ ಗಡಿಬಿಡಿಯಲ್ಲೂ ಬೆರಗಾಗಿ ನಿಂತೆ. ಯಾರು, ಯಾವುದು, ಏಕೆ, ಎಷ್ಟು ಹೊತ್ತು: ಒಂದಂಗವೂ ತಪ್ಪಿರಲಿಲ್ಲ. ನಾನು ಅದನ್ನು ಬಾಯಿ ಬಿಟ್ಟು ಹೊಗಳಿದೆ ಕೂಡ. ಉತ್ತರವಾಗಿ ನನ್ನ ಕೈಗೆ ಒಂದು ಕೊಡ ಬಂತು.

ಒಂಬತ್ತಕ್ಕೆ ಬಿಸಿ ಇಡ್ಲಿ ಎಲೆಗೆ ಬಿತ್ತು. ಬೀಗರ ಹಿರಿಯರೊಬ್ಬರು ಎಂಟು ಇಡ್ಲಿ ತಿಂದು, "ತಡ ಆದ್ರೆ ತಡ ಅಂತ ಮುಚ್ಚುಮರೆ ಇಲ್ದೆ ಹೇಳೋ ಮನೆ ನೋಡಿದ್ದು ಇದೇ ಮೊದಲು ಕಣ್ರೀ. ಸಂಬಂಧಕ್ಕೆ ಇನ್ನೇನು ಬೇಕು" ಎಂದರಂತೆ. ಗಿರಿಜಾಂಬಾ ಎಲ್ಲರ ಎದುರು ತಂಗಿಯ ಕೈ ಹಿಡಿದು, "ಇವಳಿಲ್ಲದಿದ್ರೆ ಇವತ್ತು ನನ್ನ ಮಾನ ಹೋಗ್ತಿತ್ತು" ಎಂದರು. ಅಲಮೇಲು ಆ ದಿನವಿಡೀ ತಲೆ ಎತ್ತಿಕೊಂಡೇ ಓಡಾಡಿದಳು. ನನ್ನ ಯಂತ್ರ ಕೆಟ್ಟದ್ದರಿಂದಲೇ ಎತ್ತಿದಳು ಎಂಬುದಷ್ಟೇ ನನಗಿದ್ದ ಸಮಾಧಾನ. "ಪಾಪ, ವಾಗೀಶ ಟೈಪಿಂಗ್ ಬಿಟ್ಟು ನೀರು ಹೊರೋಕೂ ಸೈ" ಎಂದು ಗಿರಿಜಾಂಬಾ ನನ್ನನ್ನು ಬೀಗರಿಗೆ ಪರಿಚಯಿಸಿದರು.

ಮನೆಗೆ ಬಂದ ಮೇಲೆ ನಾನು ಮಾನ ಉಳಿಸಿಕೊಳ್ಳಲು ಕೊನೆಯ ಯತ್ನ ಮಾಡಿದೆ.

"ತಪ್ಪು ನಂದಲ್ಲ ಕಣೇ. ನಿಮ್ಮಪ್ಪನ ಒಕ್ಕಣೆ."

ಮಾವ ಪಾಪ ತಲೆ ತಗ್ಗಿಸಿದರು. ಅಲಮೇಲು ನನ್ನ ಕಡೆ ತಿರುಗಿದಳು.

"ಲ್ಯಾಪ್‌ಟಾಪ್ ತೆಗೀರಿ. ಆವತ್ತಿನ ನೇರಳೆ ಸಾಲು ತೋರ್ಸಿ. ಓದಿ, ಅಪ್ಪಂಗೆ ಕನ್ನಡದಲ್ಲಿ ಹೇಳಿ."

ತೆಗೆದೆ. ಮತ್ತೆ ಕಂಪೈಲ್ ಮಾಡಿದೆ. ನೇರಳೆ ಸಾಲು ಬಂತು. ಓದಿದೆ, ಮಾವನ ಎದುರು ಗಂಟಲು ಸರಿಮಾಡಿಕೊಂಡು ಅನುವಾದಿಸಿದೆ: ಇಂಥ ಫೈಲಿನ ಇಂಥ ಸಾಲು, ಎಚ್ಚರಿಕೆ, ಇಲ್ಲಿ ಬರೆಯುವ ಮಾತು ಮುನ್ನೂರರ ಪೆಟ್ಟಿಗೆಯಲ್ಲಿ ಹಿಡಿಸದೆ ಕೊನೆ ಕತ್ತರಿಸಿಹೋಗಬಹುದು. ಯಾರು, ಯಾವುದು, ಏಕೆ, ಎಲ್ಲ ಇತ್ತು. ಇಂಥ ಚೆಂದದ ಎಚ್ಚರಿಕೆಯನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ.

"ಮಿಷಿನ್ನು ಹೇಳ್ತು. ಇನ್‌ಲ್ಯಾಂಡ್ ಲೆಟರ್ ಕಥೆ ಹೇಳಿ ನಾನೂ ಹೇಳ್ದೆ. ಛತ್ರದಲ್ಲಿ ಶಾಂತವಾಗಿದೆ ಅಂತ ಇನ್ನೊಂದ್ಸಲ ಹೇಳ್ದೆ. ಅಕ್ಕ ಚಟ್ನಿ ಅಂತ ಹೇಳಿದ್ಲು. ಹೇಳೋರು ಹೇಗ್ ಹೇಳಿದ್ರೇನ್ರೀ, ಕೇಳೋರು ನೀವು ತಾನೆ?"

ಮಾವ ತಲೆ ಎತ್ತಿ ಕನ್ನಡಕ ಏರಿಸಿ ಬ್ಯಾಂಕಿನ ಪತ್ರ ಕೈಗೆತ್ತಿಕೊಂಡರು.

"ನಾಳೆಯಿಂದ ನಿಮ್ಮ ಪದ್ಧತೀಲೇ ಹೇಳ್ತೀನಿ" ಎಂದಳು ಅಲಮೇಲು.

ಹೇಳಿದ ಹಾಗೆ ಮಾಡಿದಳು. ಮರುದಿನ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಒಂದು ಚೀಟಿ: 'ಅಲಮೇಲು: ಎಚ್ಚರಿಕೆ: ನಿಮ್ಮ ನೀಲಿ ಶರ್ಟು ನೆಲ ಒರೆಸೋಕೂ ಬರಲ್ಲ.' ಅದರ ಕೆಳಗೆ ಇನ್ನೊಂದು: 'ಅಲಮೇಲು: ದೋಷ: ಓದದೇ ಇರೋರಿಗೆ ಕಾಫಿ ಇಲ್ಲ, ಒಲೆ ಆರಿಸಲಾಗಿದೆ.' ಇಪ್ಪತ್ತೆರಡು ವರ್ಷ ನೇರ ಮಾತಿಗೆ ಹಂಬಲಿಸಿದವನು ನಾನು. ಅದು ಇಷ್ಟು ಉರಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. (ಹೇಳಿದ್ದರೋ ಏನೋ, ನಾನೇ ಕೇಳಿಸಿಕೊಂಡಿರಲಿಕ್ಕಿಲ್ಲ.)

ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಒಳಗಿನಿಂದ ಡಿಕಾಕ್ಷನ್ನಿನ ವಾಸನೆ ಬರುತ್ತಿತ್ತು, ಮಾವನ ಲೋಟ ಆಗಲೇ ಹಬೆಯಾಡುತ್ತಾ ಹಾಲಿಗೆ ಹೋಗಿತ್ತು. ನೇರವಾಗಿ ಕೇಳಲು ಧೈರ್ಯ ಸಾಲಲಿಲ್ಲ. ಕೈ ಜೋಡಿಸಿ ಮಾವನ ಧಾಟಿಯಲ್ಲಿ ಶುರು ಮಾಡಿದೆ.

"ಸಕಲಗುಣಸಂಪನ್ನೆಯೂ ಪಾಕಪ್ರವೀಣೆಯೂ ಆದ ಅಲಮೇಲು ಅವರ ಸನ್ನಿಧಾನಕ್ಕೆ ವಾಗೀಶನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲವೂ ಕ್ಷೇಮ. ಅದಾಗಿ..."

"ಸಾಕು" ಎಂದಳು ಅಲಮೇಲು, ಸೌಟು ಎತ್ತಿ. "ಪೆಟ್ಟಿಗೆ ತುಂಬ್ತು. ಎಲ್ಲಾ ಕ್ಷೇಮ ಅಂದ್ರಲ್ಲ, ಸಂತೋಷ."

ಹೇಳಿ ಒಳಗಿನಿಂದ ಬಾಗಿಲು ಹಾಕಿಕೊಂಡಳು.